ಜುಬುಂಟು 22.04: ಐದು ವರ್ಷ ಅಂದಿದ್ರಲ್ಲ, ಮೂರಕ್ಕೇ ಮುಗೀತಾ?

ಮಲೆನಾಡು_ಮೌಸ್:
ಅಪ್ಪನ ಹಳೇ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್. 2023ರಲ್ಲಿ ಜುಬುಂಟು 22.04.3 (ಉಬುಂಟು ಲಿನಕ್ಸ್‌ನ ಹಗುರ ರೂಪ) ಹಾಕಿಕೊಟ್ಟಿದ್ದೆ. ಎಲ್‌ಟಿಎಸ್ (ದೀರ್ಘಕಾಲ ಸಪೋರ್ಟ್ ಇರುವ ಆವೃತ್ತಿ) ಅಲ್ವಾ, 2027ರವರೆಗೆ ಮುಟ್ಟೋದೇ ಬೇಡ ಅಂದುಕೊಂಡಿದ್ದೆ. ಈಗ ನೋಡಿದರೆ ಏಪ್ರಿಲ್ 2025ಕ್ಕೇ ಸಪೋರ್ಟ್ ಮುಗಿದಿದೆಯಂತೆ. ಸರಿ, ಮುಂದಿನ ಎಲ್‌ಟಿಎಸ್ ಆದ 24.04ಕ್ಕೆ ಹೋಗೋಣ ಎಂದರೆ ‘ಮೊದಲು ಎಲ್ಲ ಅಪ್‌ಡೇಟ್ ಹಾಕಿ’ ಎಂದು ನಿಂತುಬಿಡುತ್ತದೆ. ಹಾಕಿದ್ದೇನೆ! ಜೊತೆಗೆ ‘ಇಎಸ್‌ಎಂ ಆ್ಯಪ್ಸ್’ನಲ್ಲಿ ಇನ್ನೂ ಅಪ್‌ಡೇಟ್ ಇವೆ ಎಂದೂ ತೋರಿಸುತ್ತದೆ. ದುಡ್ಡು ಕಟ್ಟಬೇಕಾ?

ಸುಮ್ನೆ_ಡೆಬಿಯನ್:
ಡೆಬಿಯನ್ 12 (ಇನ್ನೊಂದು ಲಿನಕ್ಸ್) ಹಾಕಿದ್ದರೆ ಜೂನ್ 2028ರವರೆಗೆ ನಿದ್ದೆ ಮಾಡಬಹುದಿತ್ತು.

ರೂಟ್_ರಾಯರು:
ಮೇಲಿನವರ ಮಾತು ಸದ್ಯಕ್ಕೆ ಬಿಡಿ, ಇರೋದನ್ನು ಸರಿಮಾಡೋಣ.

ಐದು ವರ್ಷ ಇರೋದು ಉಬುಂಟುವಿನ ಪ್ಯಾಕೇಜ್ ಭಂಡಾರದ ‘ಮೇನ್’ ಭಾಗಕ್ಕೆ. ಕರ್ನಲ್ (ಸಿಸ್ಟಮ್‌ನ ತಿರುಳು), ಸಿಸ್ಟಮ್‌ಡಿ, ಓಪನ್‌ಎಸ್‌ಎಸ್‌ಎಲ್ ಎಲ್ಲ ಅದರಲ್ಲಿ ಬರುತ್ತವೆ. ಜುಬುಂಟುವಿನ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ, ಅದರ ಫೈಲ್ ಮ್ಯಾನೇಜರ್ ಥುನಾರ್ ಇರೋದು ‘ಯೂನಿವರ್ಸ್’ನಲ್ಲಿ. ಅವನ್ನು ನೋಡಿಕೊಳ್ಳೋದು ಜುಬುಂಟುವಿನ ಸಣ್ಣ ತಂಡ, ಅವರ ಮಾತು ಮೂರೇ ವರ್ಷಕ್ಕೆ. ಕುಬುಂಟು, ಲುಬುಂಟು ಕಥೆಯೂ ಇದೇ. ಹಾಗಂತ ಗಾಬರಿ ಬೇಡ. ಫೈರ್‌ಫಾಕ್ಸ್ ಸ್ನ್ಯಾಪ್ (ತಾನೇ ಬೇರೆಯಾಗಿ ಅಪ್‌ಡೇಟ್ ಆಗುವ ಪ್ಯಾಕೇಜ್) ಆಗಿರೋದರಿಂದ ಅದು ಹೊಸದಾಗುತ್ತಲೇ ಇರುತ್ತದೆ.

ಇಎಸ್‌ಎಂ ಎಂದರೆ ಉಬುಂಟು ಪ್ರೊ ಚಂದಾದಲ್ಲಿ ಬರುವ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್. ಸ್ವಂತ ಬಳಕೆಗೆ 5 ಯಂತ್ರಗಳವರೆಗೆ ಪುಕ್ಕಟೆ. ಯೂನಿವರ್ಸ್‌ಗೂ ಸೆಕ್ಯುರಿಟಿ ಪ್ಯಾಚ್ ಸಿಗುತ್ತದೆ, ಆದರೆ ಎಕ್ಸ್‌ಎಫ್‌ಸಿಇಯಲ್ಲಿನ ಮಾಮೂಲಿ ಕಿರಿಕಿರಿಗಳನ್ನು ಯಾರೂ ಸರಿಮಾಡಿಕೊಡೋದಿಲ್ಲ. ನಿಮ್ಮ ಅಪ್‌ಗ್ರೇಡ್ ತಡೆದಿರೋದು ಅದಲ್ಲ. ಟರ್ಮಿನಲ್‌ನಲ್ಲಿ ಆಪ್ಟ್-ಮಾರ್ಕ್ ಶೋಹೋಲ್ಡ್ ಕೊಟ್ಟು ನೋಡಿ. ಏನನ್ನಾದರೂ ಅಪ್‌ಡೇಟ್ ಆಗದಂತೆ ಕಟ್ಟಿಹಾಕಿದ್ದೀರಾ?

ಮಲೆನಾಡು_ಮೌಸ್:
ಅಯ್ಯೋ, ಹೌದು. ಕರ್ನಲ್ 6.2 ಇದ್ದಿದ್ದು 6.5 ಆದಾಗ ವೈಫೈ ಹೋಗಿತ್ತು. ಹಳೆಯದಕ್ಕೆ ವಾಪಸ್ ಬಂದು ಕರ್ನಲ್ ಪ್ಯಾಕೇಜುಗಳನ್ನು ಹೋಲ್ಡ್ ಮಾಡಿದ್ದೆ. ಮರೆತೇಬಿಟ್ಟಿದ್ದೆ.

ರೂಟ್_ರಾಯರು:
ಸಿಕ್ಕಿತು ನೋಡಿ! ಥುನಾರ್‌ಗಿಂತ ನನಗೆ ಭಯ ಇದರದ್ದು. 22.04.3ರ ಐಎಸ್‌ಒದಲ್ಲಿ (ಇನ್‌ಸ್ಟಾಲ್ ಮಾಡುವ ಫೈಲ್) ಎಚ್‌ಡಬ್ಲ್ಯುಇ, ಅಂದರೆ ಹೊಸ ಹಾರ್ಡ್‌ವೇರ್‌ಗಾಗಿ ಕೊಡುವ ಕರ್ನಲ್ ಇರುತ್ತದೆ. ಅದು 6.2, 6.5, 6.8 ಎಂದು ಮುಂದೆ ಹೋಗುತ್ತದೆ. ಹಿಂದಿನದಕ್ಕೆ ಮತ್ತೆ ಪ್ಯಾಚ್ ಬರೋದಿಲ್ಲ. ಎಲ್‌ಟಿಎಸ್ ಎಂದು ನೀವು ನಂಬಿಕೊಂಡಿದ್ದಿರಿ, ಅಪ್ಪ ಮಾತ್ರ 2024ರಿಂದ ತೂತು ಕರ್ನಲ್‌ನಲ್ಲೇ ಓಡಾಡಿದ್ದಾರೆ. ಕರ್ನಲ್ ಬದಲಾಗಬಾರದು ಎಂದಿದ್ದರೆ ಆಗಲೇ 5.15ರ ಜಿಎ (22.04ರ ಮೂಲ) ಕರ್ನಲ್‌ಗೆ ಹೋಗಬೇಕಿತ್ತು, ಅದಕ್ಕೆ 2027ರವರೆಗೆ ಪ್ಯಾಚ್ ಇದೆ.

24.04ರ ಮೂಲ ಕರ್ನಲ್ 6.8. ಹಾಗಾಗಿ ಮೊದಲು 24.04ರ ಲೈವ್ ಯುಎಸ್‌ಬಿಯಲ್ಲಿ ಬೂಟ್ ಮಾಡಿ ವೈಫೈ ಬರುತ್ತಾ ನೋಡಿ. ಬಂದರೆ ಬ್ಯಾಕಪ್ ತೆಗೆದು, ಹೋಲ್ಡ್ ಬಿಚ್ಚಿ, ಪೂರ್ತಿ ಅಪ್‌ಡೇಟ್ ಮಾಡಿ, ರೀಬೂಟ್ ಆದ ಮೇಲೆ ಅಪ್‌ಗ್ರೇಡ್. ನಡುವೆ ವೈಫೈ ಕೈಕೊಟ್ಟರೆ ಫೋನಿನಿಂದ ಯುಎಸ್‌ಬಿ ಟೆದರಿಂಗ್ ಇಟ್ಟುಕೊಂಡಿರಿ.

ಮಲೆನಾಡು_ಮೌಸ್:
ಆಯಿತು! ಲೈವ್‌ನಲ್ಲಿ ವೈಫೈ ಬಂತು, ಅಪ್‌ಗ್ರೇಡ್ ಆದ ಮೇಲೂ ಇದೆ. ಸುಮಾರು ಎರಡು ಗಂಟೆ ಹಿಡಿಯಿತು. ಈ ಸಲ ಏಪ್ರಿಲ್ 2027 ಎಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ, 2029 ಅಂತ ಅಲ್ಲ. ಅಪ್ಪನ ಸ್ಕ್ಯಾನರ್ ಆ್ಯಪ್ ಪಿಪಿಎಯಿಂದ (ಉಬುಂಟುವಿನ ಹೊರಗಿನ ಪ್ಯಾಕೇಜ್ ಭಂಡಾರ) ಬಂದದ್ದು, ಅಪ್‌ಗ್ರೇಡ್ ಆ ಪಿಪಿಎಯನ್ನು ಆಫ್ ಮಾಡಿದೆ. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.