ತಾತನ ವ್ಯಾನು: ಓಡಿಸೋದಾ, ನಿಲ್ಲಿಸೋದಾ?

ವಾಟ್ಸಾಪ್ ಗುಂಪು: ಪಾಂಡವಪುರದ ಮನೆಯವರು

ಶನಿವಾರ

ಪಲ್ಲವಿ: ಎಲ್ಲರೂ ನೋಡಿ ಪ್ಲೀಸ್. ತಾತನ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನಿನ ಆರ್‌ಸಿ ಮುಂದಿನ ತಿಂಗಳು ಮುಗಿಯುತ್ತೆ. ನಿನ್ನೆ ಆರ್‌ಟಿಒ ಆಫೀಸಿಗೆ ಹೋಗಿ ವಿಚಾರಿಸ್ಕೊಂಡು ಬಂದೆ. ಆರ್‌ಸಿ ರಿನ್ಯೂವಲ್ ಫೀಸು 2022ರ ಏಪ್ರಿಲ್‌ನಿಂದ ಇಂಪೋರ್ಟೆಡ್ ಕಾರಿಗೆ 40,000 ಇತ್ತಲ್ಲ, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಗಾಡಿಗೆ ಅದನ್ನ 80,000 ಮಾಡಿದ್ದಾರೆ. ಇಲ್ಲೇ ತಯಾರಾದ ಕಾರಾಗಿದ್ರೆ 10,000ಕ್ಕೆ ಮುಗೀತಿತ್ತು. ಕಟ್ಟಿದ್ರೆ ಐದು ವರ್ಷ ನಿಶ್ಚಿಂತೆ.

ಚಿಕ್ಕಪ್ಪ: ಎಂಬತ್ತು ಸಾವಿರಾನಾ?? ವರ್ಷಕ್ಕೆ ಎರಡು ಸಲ ಹೊರಗೆ ತೆಗೆಯೋ ಗಾಡಿಗೆ?

ರಾಜೇಶಣ್ಣ: ಅಷ್ಟು ಕೊಡೋದಾದ್ರೆ ಗಾಡೀನೂ ಸರಿಯಾಗಿ ಮಾಡಿಸೋಣ. ಹೋದ ಸಲಾನೇ ಹೇಳ್ದೆ. ಆ ಹಳೇ 1600 ಸಿಸಿ ಇಂಜಿನ್ ಇಳಿಸಿ ಒಂದು ಮಾರುತಿ ಇಂಜಿನ್ ಕೂರಿಸಿದ್ರೆ ಪಾರ್ಟು ಎಲ್ಲಾ ಊರಲ್ಲೂ ಸಿಗುತ್ತೆ. ಎಸಿ ಹಾಕ್ಬಹುದು. ಮೇಲೆ ಸೋಲಾರ್, ಒಳಗೆ ಲಿಥಿಯಂ ಬ್ಯಾಟರಿ. ಮಡಿಕೇರಿ ದಾರೀಲಿ ಕೆಟ್ಟು ನಿಂತಿದ್ದು ಮರೆತುಬಿಟ್ರಾ? ಮಕ್ಕಳನ್ನ ರಸ್ತೆ ಪಕ್ಕ ಕೂರಿಸ್ಕೊಂಡು ಮೆಕ್ಯಾನಿಕ್‌ಗೆ ಕಾದಿದ್ದು ನಾನು.

ದೊಡ್ಡಪ್ಪ: ಯಾರೂ ಇಂಜಿನ್ ಮುಟ್ಟಬ್ಯಾಡಿ. ನಮ್ಮಪ್ಪ ಇಂಗ್ಲೆಂಡಿನ ಆಸ್ಪತ್ರೆ ಕೆಲ್ಸ ಬಿಟ್ಟು ಬರುವಾಗ ಅಡಗಿನಾಗೆ ಬೊಂಬಾಯಿಗೆ ತಂದು, ಅಲ್ಲಿಂದ ಒಬ್ಬನೇ ಓಡಿಸ್ಕಂಡು ಬಂದ ಗಾಡಿ ಅದು. ವಿಂಟೇಜ್ ಅಂತ ಮಾಡ್ಸಿ ಮಡಗಿ. 20,000 ಸಾಕಂತೆ, ಹತ್ತು ವರ್ಷಕ್ಕೆ. ನಮ್ಮ ನಾಲೆ ಕಡೆ ಶೆಡ್ಡು ಖಾಲಿ ಐತೆ.

ಚಿಕ್ಕಪ್ಪ: ಅಣ್ಣ ಹೇಳಿದ್ದು ಲೆಕ್ಕಕ್ಕೆ ಸರಿ. 20 ಎಲ್ಲಿ, 80 ಎಲ್ಲಿ.

ಪಲ್ಲವಿ: ದೊಡ್ಡಪ್ಪ, ಆ ನಿಯಮ ಪೂರ್ತಿ ಓದಿದೆ. 50 ವರ್ಷ ದಾಟಿರಬೇಕು, ನಮ್ಮದು 1973ರ ಗಾಡಿ, ದಾಟಿದೆ. ನೀವು ಹೇಳಿದ ಹಣಾನೂ ಸರಿ. ಆದರೆ ವಿಂಟೇಜ್ ನಂಬರ್ ಬಂದ ಮೇಲೆ ರ್‍ಯಾಲಿಗೆ ಹೋಗ್ಬಹುದು, ಪ್ರದರ್ಶನಕ್ಕೆ ಹೋಗ್ಬಹುದು, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಹೋಗ್ಬಹುದು. ಅಷ್ಟೇ. ಮನೆಮಂದಿನೆಲ್ಲ ತುಂಬ್ಕೊಂಡು ಕೊಡಗಿಗೆ ಹೋಗೋ ಹಾಗಿಲ್ಲ.

ದೊಡ್ಡಪ್ಪ: ಓಗದಿದ್ರೆ ಓಗದಿರ್ಲಿ. ಗಾಡಿ ಉಳೀತದಲ್ಲ.

ಪಲ್ಲವಿ: ಉಳಿಯಲ್ಲ ದೊಡ್ಡಪ್ಪ. ನಿಲ್ಲಿಸಿದ್ರೇ ಬೇಗ ಹಾಳಾಗೋದು. ಕೊರೊನಾ ಕಾಲದಲ್ಲಿ ನಿಂತಿದ್ದಾಗ ಏನಾಯ್ತು ನೋಡಿದ್ರಲ್ಲ: ಬ್ರೇಕ್ ಸಿಲಿಂಡರ್ ತುಕ್ಕು ಹಿಡಿದು ಜಾಮ್, ಕಾರ್ಬುರೇಟರ್ ಒಳಗೆ ಪೆಟ್ರೋಲ್ ಒಣಗಿ ಅಂಟು, ಆಯಿಲ್ ಸೀಲ್ ಒಣಗಿ ಸೋರಿಕೆ. ಮೇಲೆ ನಿಮ್ಮ ಶೆಡ್ಡು ನಾಲೆ ಪಕ್ಕ. ಆ ಶೀತಕ್ಕೆ ಬಾಗಿಲ ಕೆಳಗಿನ ತಗಡು ಮೊದಲು ಹೋಗುತ್ತೆ.

ರಾಜೇಶಣ್ಣ: ಅದಕ್ಕೇ ಹೇಳಿದ್ದು, ಹೊಸ ಇಂಜಿನ್ ಇದ್ರೆ ಓಡಿಸೋಕೆ ಧೈರ್ಯ ಬರುತ್ತೆ, ಗಾಡೀನೂ ನಿಲ್ಲಲ್ಲ. ಬೆಂಗಳೂರಿನಿಂದ ಬರುವಾಗ ಹೈವೇಲಿ ಎಲ್ಲರೂ 100ರಲ್ಲಿ ಹೋಗ್ತಾರೆ, ನಾವು 70ರಲ್ಲಿ. ಲಾರಿಯವರು ಹಿಂದೆ ಹಾರನ್ ಹೊಡೀತಿದ್ರೆ ಎದೆ ಝಲ್ ಅನ್ನುತ್ತೆ.

ಪಲ್ಲವಿ: ಅಣ್ಣ, ಮಡಿಕೇರಿ ದಾರೀಲಿ ನಿಂತಿದ್ದು ಇಂಜಿನ್ ಹಳೇದು ಅಂತಲ್ಲ. ಸ್ವಲ್ಪ ಉದ್ದ ಬರೀತೀನಿ, ಓದಿ. ಇದಕ್ಕೆ ರೇಡಿಯೇಟರ್ ಇಲ್ಲ, ನೀರಿಲ್ಲ. ಫ್ಯಾನು ಮೇಲಿನಿಂದ ತಣ್ಣನೆ ಗಾಳಿ ಎಳೆದು ನಾಲ್ಕೂ ಸಿಲಿಂಡರ್ ಮೇಲೆ ಊದುತ್ತೆ, ಕಾದ ಗಾಳಿ ಕೆಳಗಿಂದ ಹೊರಗೆ ಹೋಗುತ್ತೆ. ಆ ಎರಡೂ ಬೆರೀಬಾರದು ಅಂತ ಇಂಜಿನ್ ಸುತ್ತ ತಗಡು, ತಗಡಿನ ಅಂಚಿಗೆ ರಬ್ಬರ್ ಕೊಟ್ಟಿದ್ದಾರೆ. ನಮ್ಮ ಗಾಡೀಲಿ ರಬ್ಬರ್ ಪುಡಿಪುಡಿಯಾಗಿದೆ. ಹಿಂದೆ ಸರ್ವೀಸಿಗೆ ಬಿಟ್ಟ ಒಂದು ಗ್ಯಾರೇಜಿನವರು ಎರಡು ತಗಡನ್ನ ಬೇಡದ್ದು ಅಂದ್ಕೊಂಡು ವಾಪಸ್ ಹಾಕೇ ಇಲ್ಲ. ಹಾಗಾಗಿ ಸೈಲೆನ್ಸರ್ ಕಡೆಯ ಬಿಸಿ ಗಾಳೀನೇ ಫ್ಯಾನು ಮತ್ತೆ ಒಳಗೆ ಎಳ್ಕೊಳ್ತಿದೆ. ಕುಶಾಲನಗರದವರೆಗೆ ದೊಡ್ಡ ಏರಿಲ್ಲ, ಗೊತ್ತಾಗ್ಲಿಲ್ಲ. ಸುಂಟಿಕೊಪ್ಪ ದಾಟಿ ಎರಡನೇ ಗೇರಲ್ಲಿ ಹತ್ತೋಕೆ ಶುರು ಮಾಡಿದ ಮೇಲೆ ಆಯಿಲ್ ಕಾದು ತೆಳುವಾಗಿ ಒತ್ತಡ ಬಿತ್ತು, ಲೈಟು ಹತ್ಕೊಂಡಿತು. ಇರೋದೇ ಎರಡೂವರೆ ಲೀಟರ್ ಆಯಿಲ್. ಇಂಜಿನ್ ತಣ್ಣಗಿಡೋದ್ರಲ್ಲಿ ಆ ಆಯಿಲ್‌ದೂ ಪಾಲಿದೆ.

ರಾಜೇಶಣ್ಣ: ತಗಡು ರಬ್ಬರ್ ಹಾಕಿದ್ರೆ ಸರಿಹೋಗುತ್ತೆ ಅಂತ ಗ್ಯಾರಂಟಿ ಕೊಡ್ತೀಯಾ?

ಪಲ್ಲವಿ: ಏರಲ್ಲಿ ಓಡಿಸಿ ತೋರಿಸ್ತೀನಿ. ಮೊದಲು ಚಾಮುಂಡಿ ಬೆಟ್ಟ, ಆಮೇಲೆ ಮಡಿಕೇರಿ. ಆಯಿಲ್ ಬಿಸಿ ತೋರಿಸೋ ಮೀಟರ್ ಹಾಕಿಸೋಣ, ನೀನೇ ಪಕ್ಕ ಕೂತು ನೋಡು.

ಮಾರುತಿ ಇಂಜಿನ್ ಬಗ್ಗೆಯೂ ಹೇಳಿಬಿಡ್ತೀನಿ. ಅದು ನೀರಿನ ಇಂಜಿನ್. ಗಾಳಿ ಸಿಗಬೇಕು ಅಂದ್ರೆ ರೇಡಿಯೇಟರ್ ಮುಂದೆ ಹೋಗ್ಬೇಕು, ಮುಂದಿನ ತಗಡು ಕೊಯ್ಯಬೇಕು, ಅಲ್ಲಿಂದ ಹಿಂದಿನವರೆಗೆ ಪೈಪು ಎಳೀಬೇಕು. ಗೇರ್ ಬಾಕ್ಸಿಗೆ ಸೇರಿಸೋಕೆ ಲೇತ್‌ನಲ್ಲಿ ಪ್ಲೇಟ್ ಹೊಡಿಸ್ಬೇಕು. ಇಷ್ಟೆಲ್ಲಾ ಆದ ಮೇಲೆ ಆರ್‌ಸಿಲಿರೋ ಇಂಜಿನ್ನೇ ಬೇರೆ, ಗಾಡೀಲಿರೋದೇ ಬೇರೆ. ಕಂಪನಿ ಮಾಡಿದ್ದನ್ನ ಹೀಗೆ ಬದಲಾಯಿಸ್ಬಾರದು ಅಂತಲೇ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇರೋದು, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ನಾಳೆ ಏನಾದ್ರೂ ಆದ್ರೆ ಇನ್ಶೂರೆನ್ಸಿನವರು ಅದನ್ನೇ ಮುಂದಿಡ್ತಾರೆ. ಇನ್ನೊಂದು, ಚಾಸಿ, ಬಾಡಿ, ಇಂಜಿನ್ ಯಾವುದನ್ನ ಬದಲಾಯಿಸಿದ್ರೂ ವಿಂಟೇಜ್ ಸಿಗಲ್ಲ. ದೊಡ್ಡಪ್ಪ ಹೇಳೋ ದಾರೀನೂ ಶಾಶ್ವತವಾಗಿ ಮುಚ್ಚಿಹೋಗುತ್ತೆ.

ದೊಡ್ಡಪ್ಪ: ಕೇಳಿಸ್ತೇನ್ಲಾ ರಾಜೇಶ?

ರಾಜೇಶಣ್ಣ: ಕೇಳಿಸ್ತು ದೊಡ್ಡಪ್ಪ. ಪಾರ್ಟು ಎಲ್ಲಿಂದ ತರ್ತಾಳೆ ಕೇಳಿ.

ಪಲ್ಲವಿ: ಜರ್ಮನಿಯಲ್ಲಿ 1979ಕ್ಕೆ ನಿಲ್ಲಿಸಿದ್ರೂ ಬ್ರೆಜಿಲ್‌ನಲ್ಲಿ ಇದೇ ಬಾಡಿಯ ವ್ಯಾನನ್ನ 2013ರ ಕೊನೇವರೆಗೂ ಮಾಡ್ತಿದ್ರು. ಅದರಲ್ಲೂ 2005ರವರೆಗೆ ಇದೇ ಗಾಳಿ ತಂಪಿನ ಇಂಜಿನ್. ಗ್ಯಾಸ್ಕೆಟ್, ಬ್ರೇಕ್ ಸಿಲಿಂಡರ್, ಆ ತಗಡು, ಎಲ್ಲಾ ಹೊಸದಾಗೇ ಸಿಗುತ್ತೆ. ತರಿಸೋಕೆ ದಿನ ಹಿಡಿಯುತ್ತೆ, ಡ್ಯೂಟಿ ಬೀಳುತ್ತೆ, ಅದು ನಿಜ. ಟ್ಯಾಪೆಟ್ಟು, ಪಾಯಿಂಟು, ಆಯಿಲ್ ಚೇಂಜು ನಾನೇ ಮಾಡ್ಕೊಳ್ತೀನಿ. ಬೇರೆ ಏನಿದ್ರೂ ಬನ್ನಿಮಂಟಪದ ಮೇಸ್ತ್ರಿ ಇದ್ದಾರೆ. ಅವರಿಗೆ ಈ ಇಂಜಿನ್ ಇಳಿಸಿ ಹತ್ತಿಸಿ ಗೊತ್ತು.

ಸುಧಾ ಅತ್ತೆ: ನೀವು ಇಂಜಿನ್ ಚರ್ಚೆ ಮುಗಿಸಿದ ಮೇಲೆ ನಂದೂ ಒಂದು ಕೇಳಿ. ಎರಡು ದಿನದಿಂದ ಪೋರ್ಟಿಕೋದಲ್ಲಿ ಪೆಟ್ರೋಲ್ ವಾಸನೆ ಬರ್ತಿದೆ. ಬೆಳಗ್ಗೆ ದೇವರ ದೀಪ ಹಚ್ಚುವಾಗಲೂ ಬಂತು.

ಪಲ್ಲವಿ: ಅತ್ತೆ!! ಇದನ್ನ ಮೊದಲೇ ಹೇಳೋದಲ್ವಾ? ಯಾರೂ ಸ್ಟಾರ್ಟ್ ಮಾಡಬೇಡಿ, ಹತ್ತಿರ ಯಾವ ಸ್ವಿಚ್ಚೂ ಹಾಕಬೇಡಿ. ಪೋರ್ಟಿಕೋ ಗೇಟು ಪೂರ್ತಿ ತೆಗೆದಿಡಿ, ಗಾಳಿ ಆಡಲಿ. ಈಗಲೇ ಹೊರಟೆ. ಸರಸ್ವತೀಪುರಂನಿಂದ ಕುವೆಂಪುನಗರ ಎಷ್ಟು ಹೊತ್ತು.

ಸುಧಾ ಅತ್ತೆ: ಬಾ. ಊಟಕ್ಕೂ ಇಲ್ಲೇ ಇರು.

ಪಲ್ಲವಿ: (ಫೋಟೊ) (ಫೋಟೊ)

ನೋಡಿ. ಪೆಟ್ರೋಲ್ ಪಂಪಿನಿಂದ ಕಾರ್ಬುರೇಟರ್‌ಗೆ ಹೋಗೋ ರಬ್ಬರ್ ಪೈಪು. ಬಗ್ಗಿಸಿದ್ರೆ ಬಿರುಕು ಬಾಯಿ ಬಿಡ್ತಿದೆ. ಕ್ಲಾಂಪ್ ಹತ್ತಿರ ತೇವ. ಟ್ಯಾಂಕಿನಿಂದ ಬರೋ ಪೈಪೂ ಗಟ್ಟಿಯಾಗಿದೆ. ಬ್ಯಾಟರಿ ಬಿಚ್ಚಿದ್ದೀನಿ, ಟ್ಯಾಂಕ್ ಪೈಪಿಗೆ ಕ್ಲಿಪ್ ಹಾಕಿ ಮುಚ್ಚಿದ್ದೀನಿ.

ಚಿಕ್ಕಪ್ಪ: ಈ ಪೈಪು ನಾಲ್ಕು ವರ್ಷದ ಹಿಂದೆ ಹಾಕಿಸಿದ್ದಲ್ವಾ? ಬಿಲ್ ನನ್ನ ಹತ್ರ ಇದೆ.

ಪಲ್ಲವಿ: ಹೌದು ಚಿಕ್ಕಪ್ಪ, ಆಗ ಹಾಕಿದ್ದು ಸಾಮಾನ್ಯ ರಬ್ಬರ್. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥೆನಾಲ್ ಇರೋ ಪೆಟ್ರೋಲ್. ಹಳೇ ರಬ್ಬರ್ ಅದನ್ನ ತಡೆಯಲ್ಲ, ಊದಿ, ಗಟ್ಟಿಯಾಗಿ, ಸೀಳುತ್ತೆ. ಈ ಗಾಡೀಲಿ ಅದು ಸಣ್ಣ ವಿಷಯ ಅಲ್ಲ. ಪೈಪು ಹೋಗೋದು ಕಾದ ಇಂಜಿನ್ ಮೇಲೇ, ಕೆಳಗೆ ಡಿಸ್ಟ್ರಿಬ್ಯೂಟರ್ ಕಿಡಿ, ಅದರ ಮುಂದೆಯೇ ಟ್ಯಾಂಕು. ಇಂಜಿನ್ ಕೇಸು ಮೆಗ್ನೀಸಿಯಂ ಮಿಶ್ರಲೋಹದ್ದು, ಹೊತ್ತಿಕೊಂಡ್ರೆ ನೀರು ಹಾಕಿದಷ್ಟೂ ಜೋರಾಗುತ್ತೆ. ಇಂಥ ಪೈಪಿನಿಂದಲೇ ಈ ವ್ಯಾನುಗಳು ಎಷ್ಟೋ ಸುಟ್ಟುಹೋಗಿವೆ. ಹಿಂದೆ ಮಕ್ಕಳು ಮಲಗಿರ್ತಾರೆ ಅನ್ನೋದನ್ನ ಯೋಚನೆ ಮಾಡಿ.

ಪಲ್ಲವಿ: ಹಾಗಾಗಿ ಮೊದಲ ಖರ್ಚು ಎಸಿ ಅಲ್ಲ, ಸೋಲಾರ್ ಅಲ್ಲ. ಎಥೆನಾಲ್ ತಡೆಯೋ ಪೈಪು ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ, ಒಂದು ತುಂಡೂ ಬಿಡದೆ. ಆಮೇಲೆ ತಗಡು, ರಬ್ಬರ್. ಆಮೇಲೆ ಬ್ರೇಕು. ಡ್ರೈವರ್ ಕೈಗೆ ಸಿಗೋ ಹಾಗೆ ಬೆಂಕಿ ಆರಿಸೋ ಸಿಲಿಂಡರ್. ಇವೆಲ್ಲ ಆಗೋವರೆಗೆ ಗಾಡಿ ಗೇಟು ದಾಟಬಾರದು, ಅದಕ್ಕೆ ನನ್ನ ಒಪ್ಪಿಗೆ ಇಲ್ಲ.

ಸುಧಾ ಅತ್ತೆ: ಒಳಗಿನ ಗ್ಯಾಸ್ ಸ್ಟವ್ವು?

ಪಲ್ಲವಿ: ಅದನ್ನೂ ತೆಗೆಸೋಣ ಅತ್ತೆ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲೇ ನಿಲ್ಲುತ್ತೆ, ವ್ಯಾನಿನ ನೆಲದಲ್ಲಿ ಅದು ಹೋಗೋಕೆ ಕಿಂಡಿ ಇಲ್ಲ. 5 ಕೆಜಿ ಸಿಲಿಂಡರ್ ಹೊರಗಿಟ್ಟು ಮರದ ಕೆಳಗೆ ಕಾಫಿ ಕಾಸೋಣ.

ಭಾನುವಾರ

ರಾಜೇಶಣ್ಣ: ರಾತ್ರಿ ಫೋಟೊ ನೋಡ್ದೆ. ಪೈಪಿನ ವಿಷಯದಲ್ಲಿ ನೀನು ಹೇಳೋದು ಸರಿ. ಆದರೆ ಬಿಸಿಲಲ್ಲಿ ಎಸಿ ಇಲ್ಲದೆ ನನ್ನ ಹೆಂಡತಿ ಮಕ್ಕಳು ಬರಲ್ಲ, ಅದನ್ನ ನಾನು ಬದಲಾಯಿಸೋಕಾಗಲ್ಲ.

ಪಲ್ಲವಿ: ಬಿಚ್ಚಿದ್ರೆ ಮೊದಲಿನ ಹಾಗೇ ಆಗೋ ಯಾವುದಕ್ಕೂ ನಾನು ಬೇಡ ಅನ್ನಲ್ಲ ಅಣ್ಣ. ಎರಡನೇ ಬ್ಯಾಟರಿ ಹಾಕಿಸು, ಇಂಜಿನ್ ಓಡುವಾಗ ಮಾತ್ರ ಚಾರ್ಜ್ ಆಗೋ ರಿಲೇ ಜೊತೆ. ಅದರಿಂದ 12 ವೋಲ್ಟ್ ಫ್ಯಾನು, ಲೈಟು, ಸಣ್ಣ ಫ್ರಿಜ್ಜು ಓಡುತ್ತೆ. ಗಾಜಿಗೆ ಬಿಸಿಲು ಪರದೆ ಹಾಕೋಣ. 50 ಹಾರ್ಸ್ ಪವರ್ ಇಂಜಿನ್ ಮೇಲೆ ಎಸಿ ಕಂಪ್ರೆಸರ್ ಹೊರೆ ಹಾಕೋದಕ್ಕೆ ಮಾತ್ರ ಒಪ್ಪಲ್ಲ. ಬೆಂಗಳೂರಿನಿಂದ ನಿಮ್ಮ ಕಾರಲ್ಲೇ ಬನ್ನಿ, ಮೈಸೂರಿಂದ ಹುಣಸೂರು ರಸ್ತೆ ಹಿಡಿಯೋಣ. ಬೆಳಗ್ಗೆ ಐದೂವರೆಗೆ ಹೊರಟ್ರೆ ಎಸಿ ಕೇಳೋದೂ ಇಲ್ಲ, 100ರಲ್ಲಿ ಹೋಗೋದೂ ಬೇಡ.

ಚಿಕ್ಕಪ್ಪ: ಲೆಕ್ಕಕ್ಕೆ ಬನ್ನಿ. 80,000 ನಾಲ್ಕು ಮನೆಗೆ ತಲಾ 20,000. ಐದು ವರ್ಷಕ್ಕೆ ಹಂಚಿದ್ರೆ ಮನೆಗೆ ವರ್ಷಕ್ಕೆ 4,000. ರಿಪೇರಿ ಬೇರೆ. ಕೊಡಬಹುದು, ಆದರೆ ಗಾಡಿ ಓಡಬೇಕು. ಓಡದ ಗಾಡಿಗೆ ನಾನು ಕೊಡಲ್ಲ.

ಪಲ್ಲವಿ: ದೊಡ್ಡಪ್ಪ, ನಿಮ್ಮ ಮಾತನ್ನ ತಳ್ಳಿಹಾಕ್ತಿಲ್ಲ. ಇಂಜಿನ್, ಬಾಡಿ ಹೀಗೇ ಇಟ್ಕೊಂಡ್ರೆ ವಿಂಟೇಜ್ ಬಾಗಿಲು ಐದು ವರ್ಷ ಆದ ಮೇಲೂ ತೆರೆದೇ ಇರುತ್ತೆ. ಆದರೆ ಈಗ ಮಕ್ಕಳಿಗೆ ಎಂಟು, ಹತ್ತು ವರ್ಷ. ಮೇಲಿನ ಹಾಸಿಗೇಲಿ ಮಲಗೋ ವಯಸ್ಸು ಇದೇ. ನಾವೆಲ್ಲ ಮಲಗಿ ಬೆಳೆದ ಜಾಗ ಅದು, ಅವರಿಗೂ ಸಿಗಲಿ.

ದೊಡ್ಡಪ್ಪ: ಅಂಗಲ್ಲ ಕಣವ್ವ, ನಂಗೂ ಓಡಿಸ್ಬಾರದು ಅಂತ ಏನಿಲ್ಲ. ಎಲ್ಲಾರ ಕೈಗೂ ಕೊಟ್ಟು ಆಳು ಮಾಡ್ತೀರಿ ಅಂತ ಭಯ. ಯಾರು ಓಡಿಸಾದು?

ಪಲ್ಲವಿ: ನಾನು, ಚಿಕ್ಕಪ್ಪ. ರಾಜೇಶಣ್ಣ ಕಲಿತ ಮೇಲೆ ಅವನೂ. ಕೆಂಪು ಲೈಟು ಬಂದ ತಕ್ಷಣ ಬದಿಗೆ ಹಾಕಿ ಇಂಜಿನ್ ಆಫ್ ಮಾಡಬೇಕು, ಫ್ಯಾನ್ ಬೆಲ್ಟ್ ತುಂಡಾಗಿದ್ರೆ ಮುಂದಿನ ಊರಿನವರೆಗೆ ಹೋಗ್ತೀನಿ ಅನ್ನಬಾರದು. ಅಷ್ಟು ಮಾತು ಕೊಡೋರಿಗೆ ಮಾತ್ರ ಕೀ.

ದೊಡ್ಡಪ್ಪ: ಸರಿ. ಐದು ವರ್ಷ ಓಡಿಸ್ಕಳಿ. ಆಮ್ಯಾಕೆ ವಿಂಟೇಜು. ನನ್ನ ಪಾಲು ಬುಧವಾರ ಕಳಿಸ್ತೀನಿ.

ರಾಜೇಶಣ್ಣ: ನಾನು ಫೀಸಿನ ಪಾಲು ಕೊಡ್ತೀನಿ. ಎಸಿ ವಿಷಯ ಬೇಸಿಗೆ ಕಳೆದ ಮೇಲೆ ಮತ್ತೆ ಎತ್ತುತೀನಿ, ಮುಗೀತು ಅಂದ್ಕೋಬೇಡಿ. ಪೈಪು ಜೆ.ಸಿ. ರಸ್ತೇಲಿ ಸಿಗಬಹುದು, ಅಳತೆ ಕಳಿಸು.

ಪಲ್ಲವಿ: ಅಳತೆ ಬೇಡ ಅಣ್ಣ, ಹಳೇ ಪೈಪಿನ ತುಂಡು ಕೊರಿಯರ್ ಮಾಡ್ತೀನಿ, ಅದನ್ನೇ ಅಂಗಡೀಲಿ ತೋರಿಸು. ಎಥೆನಾಲ್‌ಗೆ ಆಗೋದು ಅಂತ ಪೈಪಿನ ಮೇಲೇ ಅಚ್ಚಾಗಿರಬೇಕು, ಅಂಗಡಿಯವರ ಬಾಯಿಮಾತು ನಂಬಬೇಡ. ಆರು ಮೀಟರ್, ಕ್ಲಾಂಪ್ ಹೊಸವೇ.

ಚಿಕ್ಕಪ್ಪ: ಬಿಲ್ ತಗೋ.