ಪಣಜಿ ಜೆಟ್ಟಿ ಹತ್ತಿರ ಮಳಿಗೆ ಹಿಡಿಯಬೇಕು ಅಂತಿದ್ದೇನೆ. ಕ್ಯಾಸಿನೊದಿಂದ ಪೇಟೆಗೆ ನಿಜವಾಗಿ ಲಾಭ ಇದೆಯಾ? ಅನುಭವ ಇದ್ದವರು ಹೇಳಿ

ಗದಗ ಖಾನಾವಳಿ, ಪಣಜಿ:
ಎಲ್ಲರಿಗೂ ನಮಸ್ಕಾರ. ಪಣಜಿ ಮಾರ್ಕೆಟ್ ಹತ್ತಿರ ನಮ್ಮದೊಂದು ಸಣ್ಣ ಖಾನಾವಳಿ ಇದೆ. ರೊಟ್ಟಿ ಊಟ, ಸಸ್ಯಾಹಾರ ಮಾತ್ರ, ರಾತ್ರಿ 10ಕ್ಕೆ ಬಾಗಿಲು ಹಾಕುತ್ತೇವೆ. ಈಗ ಕ್ಯಾಸಿನೊ ಹಡಗಿಗೆ ದೋಣಿ ಹತ್ತುವ ಜೆಟ್ಟಿ ಹತ್ತಿರ ಒಂದು ಮಳಿಗೆ ಖಾಲಿಯಾಗಿದೆ. ಮುಂಗಡ 4 ಲಕ್ಷ, ಬಾಡಿಗೆ ತಿಂಗಳಿಗೆ 65 ಸಾವಿರ. "ಎದುರಿಗೇ ಕ್ಯಾಸಿನೊ, ರಾತ್ರಿಯೆಲ್ಲಾ ಜನ" ಅನ್ನುತ್ತಾರೆ ಮಾಲೀಕರು. ಅದೇ ಬೀದಿಯ ಅಂಗಡಿಯವರು ಮಾತ್ರ ಹಡಗುಗಳನ್ನು ಮಾಂಡವಿ ನದಿಯಿಂದ ತೆಗೆಸಿ ಅಂತ ಮನವಿಗೆ ಸಹಿ ಹಾಕಿಸುತ್ತಿದ್ದಾರೆ. ನನಗೂ ಹಾಳೆ ಕೊಟ್ಟು ಹೋಗಿದ್ದಾರೆ. ಮಳಿಗೆ ಹಿಡಿಯಲಾ? ಸಹಿ ಹಾಕಲಾ?

ಬೆಳಗಿನ ಇಡ್ಲಿ:
ಲಾಭ ಇದೆ ಅಣ್ಣಾ, ಆದರೆ ರಾತ್ರಿ ಅಲ್ಲ. ನಾನು ಮೊದಲು ಸಂಜೆ ಗಾಡಿ ಹಾಕುತ್ತಿದ್ದೆ. ಪಾವ್ ಭಾಜಿ, ಫ್ರೈಡ್ ರೈಸ್, ಗೋಬಿ. ಜನ ಸಾಲುಗಟ್ಟಿ ನನ್ನ ಎದುರಿಗೇ ಜೆಟ್ಟಿಗೆ ಹೋಗುತ್ತಿದ್ದರು, ಒಬ್ಬರೂ ನಿಲ್ಲುತ್ತಿರಲಿಲ್ಲ. ಹಡಗಿನ ಟಿಕೆಟ್‌ನಲ್ಲೇ ಊಟ, ಕುಡಿತ, ಡ್ಯಾನ್ಸು ಎಲ್ಲಾ ಸೇರಿರುತ್ತದೆ. ಅಷ್ಟು ದುಡ್ಡು ಕೊಟ್ಟು ಒಳಗೆ ಹೋಗುವವನು ಹೊರಗೆ ಯಾಕೆ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ?

ಆಮೇಲೆ ಟೈಮ್ ಬದಲಾಯಿಸಿದೆ. ಈಗ ಬೆಳಗಿನ ಜಾವ 3ಕ್ಕೆ ಒಲೆ ಹಚ್ಚುತ್ತೇನೆ. ದೋಣಿ ಇಳಿದು ಬರುವವರಿಗೆ ಕಣ್ಣು ಕೆಂಪು, ಗಂಟಲು ಒಣಗಿರುತ್ತದೆ, ಜಾಸ್ತಿ ಮಾತಿಲ್ಲ. ಪ್ಲೇಟ್ ಕೈಗೆ ಬಂದರೆ ನಿಂತಲ್ಲೇ ತಿನ್ನುತ್ತಾರೆ. ಕೆಲವರು ಸೋತು ಬಸ್ಸಿಗೂ ದುಡ್ಡಿಲ್ಲದೆ ಬರುತ್ತಾರೆ, ಮೊಬೈಲ್ ಇಟ್ಟುಕೊಳ್ಳಿ ಅಂತಾರೆ. ಇಟ್ಟುಕೊಳ್ಳಬೇಡಿ, ನಾಳೆ ಪೊಲೀಸರು ನಿಮ್ಮನ್ನೇ ಕೇಳುತ್ತಾರೆ.

ಖರ್ಚು ಕೇಳಿ. ಇಬ್ಬರು ಹುಡುಗರಿಗೆ ತಲಾ 16 ಸಾವಿರ, ರಾತ್ರಿ ಪಾಳಿ ಅಂತ ಮೇಲೆ 2 ಸಾವಿರ, ಊಟ ನಮ್ಮದೇ. ಸಿಲಿಂಡರ್ ತಿಂಗಳಿಗೆ ಒಂಬತ್ತಾದರೂ ಬೇಕು. ಮಳೆಗಾಲದಲ್ಲಿ ಗ್ರೈಂಡರ್ ಮೋಟರ್ ಸುಟ್ಟು 7,400 ಹೋಯಿತು. ಹಿಟ್ಟು ಹುಳಿಯದಂತೆ ಹಳೆ ಫ್ರಿಜ್ ತಂದೆ, 11 ಸಾವಿರ, ಅದರ ಗ್ಯಾಸ್ ತುಂಬಿಸಲು ಮತ್ತೆ 2,800. ಆದರೂ ನಡೆಯುತ್ತಿದೆ. ಯಾರ ಹಂಗೂ ಇಲ್ಲ.

ಮಾಳಾ ಲಾಡ್ಜ್:
ಇಡ್ಲಿ ಗಾಡಿಗೂ ಬಂಡವಾಳ ಹಾಕಿದ ವ್ಯಾಪಾರಕ್ಕೂ ವ್ಯತ್ಯಾಸ ಇದೆ ಸ್ವಾಮಿ. ನಾನು ಪಣಜಿಯ ಮಾಳಾ ಬಡಾವಣೆಯಲ್ಲಿ 11 ರೂಮಿನ ಲಾಡ್ಜ್ ಲೀಸ್‌ಗೆ ಹಿಡಿದೆ. ಮುಂಗಡ 12 ಲಕ್ಷ. ಎಂಟು ಹೊಸ ಎಸಿ, ಒಂದೊಂದಕ್ಕೆ 34 ಸಾವಿರ. ಆರು ಕಮೋಡ್ ಬದಲಿಸಿದೆ. ಪ್ಲಂಬರ್ ಕೂಲಿ ಬೇರೆ, ಟೈಲ್ಸ್ ಒಡೆದದ್ದಕ್ಕೆ ಬೇರೆ. "ಕ್ಯಾಸಿನೊ ಊರು, ರೂಮು ಖಾಲಿ ಉಳಿಯುವುದಿಲ್ಲ" ಅಂತ ಲೀಸ್ ಮಾಡಿಸಿದವರು ಹೇಳಿದ್ದರು.

ಬಂದವರು ಯಾರು? ದೊಡ್ಡ ಆಟಗಾರರು ನನ್ನ ಹತ್ತಿರ ಬರುವುದಿಲ್ಲ, ಅವರಿಗೆ ಕ್ಯಾಸಿನೊದವರೇ ದೊಡ್ಡ ಹೋಟೆಲ್‌ನಲ್ಲಿ ರೂಮು ಕೊಡಿಸುತ್ತಾರೆ. ನನಗೆ ಬರುವುದು ಇಬ್ಬರ ಹೆಸರಲ್ಲಿ ರೂಮು ಬರೆಸಿ ಐದು ಜನ ನುಗ್ಗುವ ಹುಡುಗರು. ರಾತ್ರಿಯೆಲ್ಲಾ ಹಡಗಿನಲ್ಲಿರುತ್ತಾರೆ, ಬೆಳಿಗ್ಗೆ 6ಕ್ಕೆ ಬಂದು ಮಲಗುತ್ತಾರೆ. ಚೆಕ್ ಔಟ್ 11ಕ್ಕೆ ಅಂದರೆ ಜಗಳ. ಬೆಡ್‌ಶೀಟ್‌ಗೆ ಸಿಗರೇಟ್ ತೂತು. ಒಂದು ಶೀಟಿಗೆ 480 ರೂಪಾಯಿ, ತೊಳೆಯಲು 22. ಬುಕಿಂಗ್ ಆ್ಯಪ್‌ನವರ ಕಮಿಷನ್ ನೂರಕ್ಕೆ 20ಕ್ಕಿಂತ ಜಾಸ್ತಿ. ಹಳೇ ಬೀದಿ, ಬಣ್ಣದ ಮನೆ ನೋಡಲು ಬರುತ್ತಿದ್ದ ಸಂಸಾರಸ್ಥರು ಈ ಗಲಾಟೆ ಕಂಡು ಬರುವುದನ್ನೇ ಬಿಟ್ಟರು. ನನಗೆ ಅವರು ಬೇಕಿತ್ತು. ಎರಡು ದಿನ ಇದ್ದು, ತಿಂಡಿ ತಿಂದು, ಚಂದದ ಮಾತಾಡಿ ಹೋಗುತ್ತಿದ್ದರು.

2011ರ ಜನಗಣತಿಯಲ್ಲಿ ಪಣಜಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 40 ಸಾವಿರ. ಇಷ್ಟು ಸಣ್ಣ ಊರಿನ ಎದುರಿಗೆ ಆರು ಹಡಗು ನಿಂತರೆ ರಸ್ತೆ ತಾಳುತ್ತದಾ? ಶನಿವಾರ ಸಂಜೆ ಬಾಂದೋಡ್ಕರ್ ರಸ್ತೆಗೆ ಬಂದು ನೋಡಿ.

ಚೋರ್ಲಾ ಗಾಡಿ:
ಎಲ್ಲರೂ ಬೈಯುವುದೇ ಆಯಿತು. ನಾನು ಬೆಳಗಾವಿಯವನು, ಸ್ವಂತ ಎರ್ಟಿಗಾ ಇದೆ. ತಿಂಗಳ ಕಂತು 17,800. ವಾರದ ಕೊನೆಗೆ ಪಾರ್ಟಿ ಹತ್ತಿಸಿಕೊಂಡು ಚೋರ್ಲಾ ಘಾಟ್ ಇಳಿಯುತ್ತೇನೆ. ಹೋಗಿ ಬರಲು 6,500. ಡೀಸೆಲ್ 1,400, ಊಟ 300. ಮಳೆಗಾಲದಲ್ಲಿ ಘಾಟ್ ರಸ್ತೆ ಹಾಳಾಗಿ ಹಿಂದಿನ ಸಸ್ಪೆನ್ಷನ್ ಹೋಯಿತು, 9,200 ಬಿಲ್. ಒಂದು ಸಲ ಪಾರ್ಟಿಯವರು ಸೀಟ್ ಮೇಲೆ ವಾಂತಿ ಮಾಡಿದರು, ಸೀಟ್ ಕವರ್‌ಗೆ 3,500, ಅವರು ಕೊಟ್ಟದ್ದು 500. ಇಷ್ಟೆಲ್ಲಾ ಕಳೆದೂ ಮಗಳ ನರ್ಸಿಂಗ್ ಫೀಸು ಇದೇ ದುಡ್ಡಿನಲ್ಲಿ ಕಟ್ಟಿದೆ. ಕ್ಯಾಸಿನೊ ಇಲ್ಲದಿದ್ದರೆ ವಾರಾವಾರ ಬೆಳಗಾವಿಯಿಂದ ಪಣಜಿಗೆ ಯಾರು ಬರುತ್ತಿದ್ದರು?

ಲಾಡ್ಜ್ ಸಾಹೇಬರೇ, 2020ರ ಮಾರ್ಚ್‌ನಲ್ಲಿ ಕ್ಯಾಸಿನೊ ಮುಚ್ಚಿದರು, ನವೆಂಬರ್ 1ಕ್ಕೆ ತೆರೆದರು. ಮಧ್ಯದ ತಿಂಗಳುಗಳಲ್ಲಿ ಪಣಜಿ ಹೇಗಿತ್ತು ನೆನಪಿದೆಯಾ?

ಮಾಳಾ ಲಾಡ್ಜ್:
ನೆನಪಿದೆ. ಆಗ ರೈಲು, ವಿಮಾನ, ಬಸ್ಸು, ಬೀಚು ಎಲ್ಲಾ ನಿಂತಿತ್ತು. ಕೊರೊನಾ ಕಾಲದ ಲೆಕ್ಕ ತೋರಿಸಿ ಕ್ಯಾಸಿನೊ ಬೇಕು ಅಂತ ವಾದ ಮಾಡಬೇಡಿ.

ಹುಬ್ಬಳ್ಳಿಯಿಂದ:
ಡ್ರೈವರ್ ಅಣ್ಣಾ, ನಿಮ್ಮ ಮಗಳು ಓದಲಿ, ಸಂತೋಷ. ನಿಮ್ಮ ಗಾಡಿಯಲ್ಲಿ ಬರುವವರ ಮನೆಯಲ್ಲಿ ಏನಾಗುತ್ತದೆ ಅಂತಲೂ ಕೇಳಿ.

ನನ್ನ ತಮ್ಮನಿಗೆ ಬೋರ್‌ವೆಲ್ ಪೈಪು, ಮೋಟರ್ ಅಂಗಡಿ ಇತ್ತು. ದೀಪಾವಳಿಯಲ್ಲಿ ಇಸ್ಪೀಟು ಆಡುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ, ಅದು ಅಲ್ಲಿಗೇ ಮುಗಿಯುತ್ತಿತ್ತು. ಗೆಳೆಯನೊಬ್ಬನ ಬರ್ತ್‌ಡೇ ಅಂತ ಪಣಜಿಗೆ ಹೋದ. ಅಂದರ್ ಬಾಹರ್ ಟೇಬಲ್‌ನಲ್ಲಿ 40 ಸಾವಿರ ಗೆದ್ದು ಬಂದ. ಅವ್ವನಿಗೆ ಸೀರೆ ತಂದ. ಆಮೇಲೆ ನಿಲ್ಲಲಿಲ್ಲ. ಮೊದಲು ಚೀಟಿ ಎತ್ತಿದ 3 ಲಕ್ಷ ಹೋಯಿತು. ಪೈಪ್ ಕಂಪನಿಗೆ ಕಟ್ಟಬೇಕಿದ್ದ 5 ಲಕ್ಷ 60 ಸಾವಿರ ಹೋಯಿತು. ಆಮೇಲೆ ನೂರಕ್ಕೆ ಮೂರರ ಬಡ್ಡಿ ಸಾಲ. ಅವ್ವನ ಬೋರಮಾಳ ಸರ ಅಡವು ಇಟ್ಟ, ಬಿಡಿಸಲಿಲ್ಲ. ಕೊನೆಗೆ ಅಪ್ಪ ಕೊಂಡಿಟ್ಟಿದ್ದ 30-40 ಸೈಟು, ಮಾರ್ಕೆಟ್ ರೇಟಿಗಿಂತ 4 ಲಕ್ಷ ಕಡಿಮೆಗೆ. ಸೈಟಿನ ಕಾಗದಕ್ಕೆ ನಾನೇ ಒಪ್ಪಿಗೆ ಸಹಿ ಹಾಕಬೇಕಾಯಿತು. ಈಗ ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅವನ ಹೆಂಡತಿ ಕಣ್ಣಲ್ಲಿ ಕಣ್ಣಿಟ್ಟು ನೋಡಲು ನನಗೆ ಆಗುವುದಿಲ್ಲ.

ಗೋವಾ ಸರ್ಕಾರ 2020ರ ಫೆಬ್ರವರಿ 1ರಿಂದ ತನ್ನ ಜನ ಕ್ಯಾಸಿನೊದಲ್ಲಿ ಆಡುವಂತಿಲ್ಲ ಅಂತ ಮಾಡಿತು. ಅಂದರೆ ಅದು ಮನೆ ಹಾಳು ಮಾಡುತ್ತದೆ ಅಂತ ಅವರಿಗೂ ಗೊತ್ತು, ಅಲ್ವಾ? ಗೋವಾದವರಿಗೆ ಬಾಗಿಲು ಮುಚ್ಚಿ ಹುಬ್ಬಳ್ಳಿ, ಬೆಳಗಾವಿಯವರಿಗೆ ತೆರೆದಿಟ್ಟಿದ್ದಾರೆ. ಅಲ್ಲಿ ಸೋತ ದುಡ್ಡು ನಮ್ಮ ಪೇಟೆಯ ದುಡ್ಡು. ಪಣಜಿ ಪೇಟೆಗೆ ಲಾಭವಾ ಅಂತ ಕೇಳುತ್ತಿದ್ದೀರಿ, ಹುಬ್ಬಳ್ಳಿ ಪೇಟೆಗೆ ಆದ ನಷ್ಟ ಯಾರು ಬರೆಯುತ್ತಾರೆ?

ಚೋರ್ಲಾ ಗಾಡಿ:
ಅಕ್ಕಾರೇ, ನಿಮ್ಮ ತಮ್ಮನ ವಿಷಯ ಓದಿ ಬೇಜಾರಾಯಿತು. ಆದರೆ ಗಾಡಿಯವನನ್ನು ಯಾಕೆ ಬೈಯುತ್ತೀರಿ? ನಾನು ಯಾರನ್ನೂ ಎಳೆದುಕೊಂಡು ಹೋಗುವುದಿಲ್ಲ. ನಮ್ಮಲ್ಲಿ ಓಸಿ, ಮಟ್ಕಾ ಇರಲಿಲ್ಲವಾ? ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ಬಂದ್ ಮಾಡಿದರು, ಜೂಜು ನಿಂತಿತಾ?

ಹುಬ್ಬಳ್ಳಿಯಿಂದ:
ಲಾಟರಿ ನಿಂತ ಮೇಲೆ ನಮ್ಮ ಓಣಿಯಲ್ಲಿ ಸಂಬಳದ ದಿನ ಚೀಟಿ ಹರಿದು ಬೀದಿಗೆ ಬಿಸಾಡುವುದು ನಿಂತಿತು. ಅದನ್ನು ನಾನು ನೋಡಿದ್ದೇನೆ. ಪಾರ್ಟಿ ತಂದರೆ ಡ್ರೈವರ್‌ಗೆ ಕಮಿಷನ್ ಸಿಗುತ್ತದೆ ಅಂತಾರಲ್ಲ, ಅದನ್ನೂ ಬರೆಯಿರಿ.

ಚೋರ್ಲಾ ಗಾಡಿ:
ನಾನು ಒಂದು ರೂಪಾಯಿ ಕಮಿಷನ್ ಮುಟ್ಟಿಲ್ಲ. ಮಾತು ಹಿಡಿತದಲ್ಲಿರಲಿ.

ಜರ್ಸಿ ಕನ್ನಡಿಗ:
ಇಲ್ಲಿಯ ಅನುಭವವನ್ನೂ ಕೇಳಿ. ನ್ಯೂಜರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ಪಾಳುಬಿದ್ದ ಪೇಟೆ ಎದ್ದು ನಿಲ್ಲಲಿ ಅಂತಲೇ 1976ರಲ್ಲಿ ರಾಜ್ಯದ ಜನರಿಂದ ಮತ ಹಾಕಿಸಿ ಕ್ಯಾಸಿನೊಗೆ ಒಪ್ಪಿಗೆ ಕೊಟ್ಟರು. 1978ರಲ್ಲಿ ಮೊದಲನೆಯದು ತೆರೆಯಿತು. ಸಮುದ್ರದ ದಂಡೆ ಝಗಮಗ. ಎರಡು ಬೀದಿ ಹಿಂದೆ ಹೋದರೆ ಮುಚ್ಚಿದ ಅಂಗಡಿ, ಖಾಲಿ ಜಾಗ. ಜನ ಕಾರಿನಲ್ಲಿ ನೇರ ಕ್ಯಾಸಿನೊ ಪಾರ್ಕಿಂಗ್‌ಗೆ ಹೋಗುತ್ತಾರೆ, ಒಳಗೇ ತಿನ್ನುತ್ತಾರೆ, ಒಳಗೇ ಮಲಗುತ್ತಾರೆ, ಹಾಗೇ ವಾಪಸ್.

2006ರಿಂದ ಪಕ್ಕದ ಪೆನ್ಸಿಲ್ವೇನಿಯಾದಲ್ಲೂ ಕ್ಯಾಸಿನೊ ಶುರುವಾದವು. ಅಲ್ಲಿಂದ ಬರುತ್ತಿದ್ದವರು ಅಲ್ಲೇ ಉಳಿದರು. 2014 ಒಂದೇ ವರ್ಷದಲ್ಲಿ ನಾಲ್ಕು ಕ್ಯಾಸಿನೊ ಮುಚ್ಚಿದವು, ಸುಮಾರು 8 ಸಾವಿರ ಜನರ ಕೆಲಸ ಹೋಯಿತು. ಅದರಲ್ಲಿ ನಾನೂ ಒಬ್ಬ, ಲೆಕ್ಕಪತ್ರ ವಿಭಾಗದಲ್ಲಿದ್ದೆ. ಮನೆ ಸಾಲದ ಕಂತು 1,640 ಡಾಲರ್, ಆಸ್ತಿ ತೆರಿಗೆ ಬೇರೆ. ಕ್ಯಾಸಿನೊಗಳ ಬೆಲೆ ಬಿದ್ದ ಹಾಗೆ ಅವು ಕಟ್ಟುವ ತೆರಿಗೆ ಇಳಿಯಿತು, ಆ ಭಾರ ನಮ್ಮಂಥ ಮನೆಯವರ ಮೇಲೆ ಬಿತ್ತು. ಮನೆ ಮಾರಿದಾಗ ಕೊಂಡ ಬೆಲೆಗಿಂತ 58 ಸಾವಿರ ಡಾಲರ್ ಕಡಿಮೆ. ಏಜೆಂಟ್‌ಗೆ ನೂರಕ್ಕೆ 6, ಛಾವಣಿ ರಿಪೇರಿ 7,900. ನಾಳೆ ಮಹಾರಾಷ್ಟ್ರವೋ ಕರ್ನಾಟಕವೋ ಕ್ಯಾಸಿನೊ ತೆರೆದರೆ ಪಣಜಿ ಗತಿ ಏನು?

ಬೆಳಗಿನ ಇಡ್ಲಿ:
ಸರ್, ಡಾಲರ್ ಲೆಕ್ಕ ಇಲ್ಲಿ ಯಾಕೆ? ಅಲ್ಲಿ ಊರಿಗೆ ಕ್ಯಾಸಿನೊ ಬಿಟ್ಟರೆ ಬೇರೆ ಇರಲಿಲ್ಲ. ಇಲ್ಲಿ ಬೀಚ್ ಇದೆ, ಚರ್ಚ್ ಇದೆ, ಮೀನೂಟ ಇದೆ. ಹಡಗು ಹೋದರೂ ಗೋವಾ ಇರುತ್ತದೆ.

ಜರ್ಸಿ ಕನ್ನಡಿಗ:
ಅಟ್ಲಾಂಟಿಕ್ ಸಿಟಿಗೂ ಬೀಚ್ ಇದೆ. ಕ್ಯಾಸಿನೊ ಬರುವ ಮೊದಲೇ ಜನ ಹೋಗುತ್ತಿದ್ದರು. ಹಡಗು ಹೋದರೂ ಗೋವಾ ಇರುತ್ತದೆ ಅನ್ನುವುದಾದರೆ ಹಡಗು ಯಾಕೆ ಬೇಕು?

ಸಾಂತಿನೇಜ್ ಸ್ಟೇಷನರಿ:
ಯಾರೂ ರಸ್ತೆ ಅಗೆದದ್ದು ಹೇಳುತ್ತಿಲ್ಲ. ನನ್ನ ಅಂಗಡಿ ಮುಂದೆ ಸ್ಮಾರ್ಟ್ ಸಿಟಿ ಒಳಚರಂಡಿ ಕೆಲಸ ಅಂತ ಅಗೆದು ತಿಂಗಳುಗಟ್ಟಲೆ ಬಿಟ್ಟರು. ಧೂಳಿಗೆ ನೋಟ್‌ಬುಕ್ಕಿನ ಅಂಚು ಕಂದು ಬಣ್ಣಕ್ಕೆ ತಿರುಗಿ 32 ಸಾವಿರದ ಮಾಲು ಅರ್ಧ ಬೆಲೆಗೆ ಮಾರಿದೆ. ಜೆರಾಕ್ಸ್ ಮಷಿನ್ ಡ್ರಮ್ ಎರಡು ಸಲ ಹೋಯಿತು, 6,100 ಒಂದಕ್ಕೆ. ಕ್ಯಾಸಿನೊದವರ ಪರವಾನಗಿ ಶುಲ್ಕ ಹೋಗುವುದು ರಾಜ್ಯ ಸರ್ಕಾರಕ್ಕೆ. ಜಿಎಸ್‌ಟಿ ದೆಹಲಿಗೂ ರಾಜ್ಯಕ್ಕೂ. 2023ರ ಅಕ್ಟೋಬರ್ 1ರಿಂದ ಚಿಪ್ಸ್ (ಆಟಕ್ಕೆ ದುಡ್ಡಿನ ಬದಲು ಇಡುವ ಬಿಲ್ಲೆ) ಕೊಂಡ ಪೂರ್ತಿ ಮೊತ್ತದ ಮೇಲೆ 28 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ 40 ಆಗಿದೆ. ಅಷ್ಟು ತೆರಿಗೆ ಬರುತ್ತದಲ್ಲ, ಅದರಲ್ಲಿ ನನ್ನ ಅಂಗಡಿ ಮುಂದಿನ ಫುಟ್‌ಪಾತ್ ಯಾವಾಗ ಆಗುತ್ತದೆ?

ಮಾಳಾ ಲಾಡ್ಜ್:
ಸರಿಯಾಗಿ ಹೇಳಿದಿರಿ. ಆದರೆ ಸಹಿಯಿಂದ ಏನೂ ಆಗುವುದಿಲ್ಲ. ಗೋವಾದ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲ್‌ನಲ್ಲಿ ಮಷಿನ್ ಆಟಕ್ಕೆ ಬಿಟ್ಟರು, 1996ರಲ್ಲಿ ಹಡಗಿಗೆ ಬಿಟ್ಟರು. ಮನೋಹರ್ ಪರಿಕ್ಕರ್ ವಿರೋಧ ಪಕ್ಷದಲ್ಲಿದ್ದಾಗ ಮಾಂಡವಿ ಕ್ಯಾಸಿನೊಗಳ ವಿರುದ್ಧ ಹೋರಾಡಿದರು, 2012ರಲ್ಲಿ ಮುಖ್ಯಮಂತ್ರಿಯಾದರು, ಹಡಗು ಅಲ್ಲೇ ಉಳಿದವು. ಆಮೇಲೂ ಬೇರೆ ಕಡೆ ಸಾಗಿಸುತ್ತೇವೆ ಅನ್ನುವುದು, ಅವಧಿ ಮುಂದೂಡುವುದು. 2017ರಲ್ಲಿ ಮಿರಾಮಾರ್ ಬೀಚ್ ಹತ್ತಿರ ಒಂದು ಕ್ಯಾಸಿನೊ ಹಡಗು ಮರಳಿಗೆ ಹತ್ತಿ ಕೂತಿತಲ್ಲ, ಆಗಲೂ ಇದೇ ಮಾತು.

ಚೋರ್ಲಾ ಗಾಡಿ:
ಹಡಗು ಹೋದರೆ ಮೊದಲು ಸಾಯುವುದು ನಿಮ್ಮ ಲಾಡ್ಜೇ. ನಿಮ್ಮ ರಿಸೆಪ್ಷನ್‌ನಲ್ಲಿ ಕ್ಯಾಸಿನೊ ಟಿಕೆಟ್ ಬೋರ್ಡ್ ಇಲ್ಲ ಅಂತ ಹೇಳಿ ನೋಡೋಣ.

ಮಾಳಾ ಲಾಡ್ಜ್:
ಬೋರ್ಡ್ ಇದೆ. ಲೀಸ್ ದುಡ್ಡು ಕಟ್ಟಬೇಕಲ್ಲ. ನೀವು ಮೊದಲು ಗಾಡಿಯನ್ನು ನನ್ನ ಗೇಟಿಗೆ ಅಡ್ಡ ನಿಲ್ಲಿಸಿ ಮಲಗುವುದು ಬಿಡಿ.

ಚೋರ್ಲಾ ಗಾಡಿ:
ನಾನು ಪಾಟೊ ಬಡಾವಣೆಯಲ್ಲಿ ನಿಲ್ಲಿಸುತ್ತೇನೆ, ದುಡ್ಡು ಕೊಟ್ಟು. ಕರ್ನಾಟಕದ ನಂಬರ್ ಪ್ಲೇಟಿನ ಗಾಡಿ ಕಂಡರೆ ಇಲ್ಲಿಯ ಟ್ಯಾಕ್ಸಿಯವರೂ ಬೈಯುತ್ತಾರೆ, ಈಗ ನಮ್ಮ ಭಾಷೆಯವರೇ ಶುರು ಮಾಡಿದರು. ಗೋವಾದ ಮಾಪುಸಾ ಪಟ್ಟಣದಲ್ಲಿ ಬಣ್ಣ ಹಾಕುತ್ತಾರೆ ಅಂತ ಗೋಬಿ ಮಂಚೂರಿ ಬಂದ್ ಮಾಡಿದಾಗ ಪೆಟ್ಟು ತಿಂದವರು ಯಾರು? ನಮ್ಮ ಕಡೆಯ ಗಾಡಿಯವರೇ. ಆಗ ಯಾರು ಸಹಿ ಸಂಗ್ರಹಿಸಿದರು?

ಬೆಳಗಿನ ಇಡ್ಲಿ:
ಗೋಬಿ ವಿಷಯ ಬೇರೆ, ಬಣ್ಣ ಹಾಕಿದವರು ಹಾಕಿದ್ದರು. ನನ್ನ ಗಾಡಿಯಲ್ಲಿ ಬಣ್ಣ ಹಾಕಿರಲಿಲ್ಲ, ಆದರೂ ಗಿರಾಕಿ ಕಡಿಮೆಯಾದರು.

ಗದಗ ಖಾನಾವಳಿ, ಪಣಜಿ:
ಎಲ್ಲರಿಗೂ ಉಪಕಾರ. ರಾತ್ರಿ 10ಕ್ಕೆ ಮುಚ್ಚುವ ರೊಟ್ಟಿ ಖಾನಾವಳಿ ಬಗ್ಗೆ ಯಾರೂ ಹೇಳಲಿಲ್ಲ. ಆದರೆ ಟಿಕೆಟ್‌ನಲ್ಲೇ ಊಟ ಸೇರಿದೆ ಅನ್ನುವುದು ನನಗೆ ಸಾಕು. ನಮ್ಮ ಹೆಣ್ಣುಮಕ್ಕಳು ರೊಟ್ಟಿ ಬಡಿಯುವುದು ಬೆಳಿಗ್ಗೆ 9ಕ್ಕೆ, ಅವರನ್ನು ರಾತ್ರಿ 3ಕ್ಕೆ ಕರೆಸುವುದು ಆಗದ ಮಾತು. 65 ಸಾವಿರಕ್ಕೆ ಮಳಿಗೆ ಬೇಡ ಅಂತ ಮಾಲೀಕರಿಗೆ ಹೇಳುತ್ತೇನೆ. ಸಹಿ ಇನ್ನೂ ಹಾಕಿಲ್ಲ.

ಹುಬ್ಬಳ್ಳಿಯಿಂದ:
ಸಹಿ ಹಾಕಿ ಅಣ್ಣಾ. ಹಾಕುವ ಮೊದಲು ಆ ಮನವಿಯಲ್ಲಿ ಒಂದು ಸಾಲು ಸೇರಿಸಲು ಹೇಳಿ. ಸಿಂಗಪುರದಲ್ಲಿ ಮನೆಯವರು ಅರ್ಜಿ ಕೊಟ್ಟು ಅದು ಒಪ್ಪಿಗೆಯಾದರೆ ಆ ಮನುಷ್ಯನನ್ನು ಕ್ಯಾಸಿನೊ ಒಳಗೆ ಬಿಡುವುದಿಲ್ಲ. ಹಡಗು ತೆಗೆಯುವವರೆಗೆ ಅದನ್ನಾದರೂ ಇಲ್ಲಿ ಮಾಡಲಿ, ಯಾವ ರಾಜ್ಯದವರು ಅರ್ಜಿ ಕೊಟ್ಟರೂ ತೆಗೆದುಕೊಳ್ಳಲಿ. ಆ ಸಾಲು ಸೇರಿದರೆ ಹಾಳೆ ನನಗೂ ಕಳಿಸಿ, ನಮ್ಮ ಓಣಿಯಲ್ಲಿ ಸಹಿ ಹಾಕುವವರು ಇದ್ದಾರೆ.

ಚೋರ್ಲಾ ಗಾಡಿ:
ಅದಕ್ಕೆ ನನ್ನ ಸಹಿಯೂ ಇರಲಿ ಅಕ್ಕಾರೇ. ಹಡಗು ತೆಗೆಯಿರಿ ಅನ್ನುವ ಸಾಲಿಗೆ ಮಾತ್ರ ಹಾಕುವುದಿಲ್ಲ.