ಹಳೆಯ ರಿಸೀವರ್‌ಗೆ ಬ್ಲೂ-ರೇ ಪ್ಲೇಯರ್ ಜೋಡಿಸಿದವರು ಇದ್ದೀರಾ?

ಚಿಕ್ಕಮಗಳೂರಿನಿಂದ ಕೇಳುತ್ತಿದ್ದೇನೆ. ಅಪ್ಪ ತಂದಿದ್ದ 5.1 ರಿಸೀವರ್ (ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಸದ್ದು ಹಂಚುವ ಪೆಟ್ಟಿಗೆ) ಇನ್ನೂ ಚೆನ್ನಾಗಿದೆ. ಚಿತ್ರ, ಸದ್ದು ಎರಡನ್ನೂ ಒಂದೇ ತಂತಿಯಲ್ಲಿ ತರುವ ಎಚ್‌ಡಿಎಂಐ ಇಲ್ಲ, ಬರೀ ಡಿಜಿಟಲ್ ಸದ್ದಿಗಾಗಿ ಇರುವ ಆಪ್ಟಿಕಲ್ ಮತ್ತು ಕೋಆಕ್ಸಿಯಲ್ ತೂತುಗಳು ಇವೆ. ಈಗ ಬ್ಲೂ-ರೇ ಪ್ಲೇಯರ್ ತಗೊಂಡೆ. ಪ್ಲೇಯರ್‌ನಿಂದ ಟಿವಿಗೆ ಎಚ್‌ಡಿಎಂಐ, ಟಿವಿಯಿಂದ ರಿಸೀವರ್‌ಗೆ ಆಪ್ಟಿಕಲ್ ಹಾಕಿದ್ದೇನೆ. ಮುಂದಿನ ಎರಡು ಸ್ಪೀಕರ್ ಬಿಟ್ಟು ಬೇರೆ ಯಾವುದರಲ್ಲೂ ಸದ್ದಿಲ್ಲ. ಅಂಗಡಿಯವರು ಹಳೆಯದನ್ನು ಬಿಟ್ಟು ಸೌಂಡ್‌ಬಾರ್ ತಗೊಳ್ಳಿ ಅಂತಾರೆ. ಏನು ಮಾಡಲಿ?

ಮೂಡಿಗೆರೆಯಿಂದ:
ದಯವಿಟ್ಟು ಅದನ್ನು ಕೊಟ್ಟುಬಿಡಬೇಡಿ ಮಾರಾಯ್ರೇ. ನಮ್ಮನೆಯಲ್ಲೂ ಇಂಥದೇ ಹಳೆಯ ರಿಸೀವರ್‌ಗೆ ಬ್ಲೂ-ರೇ ಜೋಡಿಸಿದ್ದೇವೆ, ಐದೂ ಸ್ಪೀಕರ್ ಮಾತಾಡ್ತವೆ. ತೊಂದರೆ ಇರೋದು ನಡುವೆ ಬಂದಿರುವ ಟಿವಿಯಲ್ಲಿ. ಎಚ್‌ಡಿಎಂಐಯಲ್ಲಿ ಬಂದ ಸದ್ದನ್ನು ಎಷ್ಟೋ ಟಿವಿಗಳು ಎರಡು ಚಾನೆಲ್‌ಗೆ (ಬರೀ ಎಡ-ಬಲ ಸ್ಪೀಕರ್‌ನ ಸದ್ದಿಗೆ) ಇಳಿಸಿ ಆಪ್ಟಿಕಲ್‌ಗೆ ಕೊಡುತ್ತವೆ. ಚಿತ್ರಕ್ಕೆ ಎಚ್‌ಡಿಎಂಐ ಟಿವಿಗೇ ಇರಲಿ. ಸದ್ದಿಗೆ ಪ್ಲೇಯರ್‌ನಿಂದ ನೇರ ರಿಸೀವರ್‌ಗೆ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಎಳೆಯಿರಿ. ಟಿವಿಯ ವಾಲ್ಯೂಮ್ ಪೂರ್ತಿ ಇಳಿಸಿಬಿಡಿ.

ಆಮೇಲೆ ಪ್ಲೇಯರ್‌ನ ಆಡಿಯೋ ಸೆಟ್ಟಿಂಗ್‌ಗೆ ಹೋಗಿ. ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಅಂತ ಇದ್ದರೆ 'ಬಿಟ್‌ಸ್ಟ್ರೀಮ್' ಮಾಡಿ. ಈ ತಂತಿಗಳಲ್ಲಿ ಪಿಸಿಎಂ ಅಂದ್ರೆ ಎರಡೇ ಚಾನೆಲ್. ಬಿಟ್‌ಸ್ಟ್ರೀಮ್‌ನಲ್ಲಿ ಡಿಸ್ಕಿನ ಡಾಲ್ಬಿ ಅಥವಾ ಡಿಟಿಎಸ್ (ಎಲ್ಲ ಸ್ಪೀಕರ್‌ಗಳ ಸದ್ದನ್ನು ಒತ್ತಿ ಕಟ್ಟಿಟ್ಟ ರೂಪಗಳು) ಬಿಚ್ಚದೆ ಹಾಗೇ ಹೋಗುತ್ತೆ, ಬಿಡಿಸುವ ಕೆಲಸ ರಿಸೀವರ್‌ನದು. 'ಬಿಡಿ ಆಡಿಯೋ ಮಿಕ್ಸ್' ಅಥವಾ 'ಸೆಕೆಂಡರಿ ಆಡಿಯೋ' ಅಂತ ಇದ್ದರೆ ಅದನ್ನೂ ಆಫ್ ಮಾಡಿ. ಸುಮ್ನೆ ಮೆನುವಿನ ಟಿಕ್ ಸದ್ದು ಸೇರಿಸೋಕೆ ಕೆಲವು ಪ್ಲೇಯರ್‌ಗಳು ಮೂಲ ಟ್ರ್ಯಾಕನ್ನೇ ಬಿಚ್ಚಿಬಿಡುತ್ತವೆ. ಸರಿಯಾದರೆ ರಿಸೀವರ್‌ನ ಮುಂಭಾಗದಲ್ಲಿ 'ಡಾಲ್ಬಿ ಡಿಜಿಟಲ್' ಅಥವಾ 'ಡಿಟಿಎಸ್' ದೀಪ ಹೊತ್ತಿಕೊಳ್ಳುತ್ತೆ. ಕಿವಿಗಿಂತ ಮೊದಲು ಆ ದೀಪ ನೋಡಿ.

ಹಾಸನದಿಂದ:
ಮೇಲಿನವರು ಹೇಳಿದ್ದು ಸರಿ. ಡಿಸ್ಕ್ ಕವರ್ ಮೇಲೆ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ (ಡಾಲ್ಬಿ, ಡಿಟಿಎಸ್‌ನ ಹೊಸ, ಮೇಲ್ದರ್ಜೆಯ ರೂಪಗಳು) ಅಂತ ನೋಡಿ ಗಾಬರಿಯಾಗಬೇಡಿ. ಅವು ಆಪ್ಟಿಕಲ್‌ನಲ್ಲಿ ಹೋಗುವುದಿಲ್ಲ, ನಿಜ. ಆದರೆ ಡಿಟಿಎಸ್-ಎಚ್‌ಡಿ ಮಾಸ್ಟರ್ ಒಳಗೆ ಹಳೆಯ ಡಿಟಿಎಸ್ ತಿರುಳು ಇರುತ್ತೆ. ಬ್ಲೂ-ರೇಯ ಟ್ರೂಎಚ್‌ಡಿ ಜೊತೆಗೂ ಸಾಮಾನ್ಯ ಡಾಲ್ಬಿ ಡಿಜಿಟಲ್ ಇದ್ದೇ ಇರುತ್ತೆ. ನಿಮ್ಮ ರಿಸೀವರ್‌ಗೆ ಅದೇ ಸಿಗೋದು. ಡಿವಿಡಿಯಲ್ಲಿ ಡಾಲ್ಬಿ ಹೆಚ್ಚೆಂದರೆ ಸೆಕೆಂಡಿಗೆ 448 ಕಿಲೋಬಿಟ್, ಬ್ಲೂ-ರೇಯಲ್ಲಿ 640ರವರೆಗೆ ಹೋಗಬಹುದು. ಅಂದ್ರೆ ಹಳೆಯ ಪೆಟ್ಟಿಗೆಯಲ್ಲೇ ಡಿವಿಡಿಗಿಂತ ಒಳ್ಳೆಯ ಸದ್ದು ಸಿಗಬಹುದು. ನನ್ನ ಮಟ್ಟಿಗೆ ಒಳ್ಳೆಯ ಐದು ಸ್ಪೀಕರ್‌ಗಳನ್ನು ಬಿಟ್ಟು ಸಣ್ಣ ಸೌಂಡ್‌ಬಾರ್‌ಗೆ ಹೋಗೋದು ನಷ್ಟವೇ.

ಸಕಲೇಶಪುರದಿಂದ:
ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಡಿವಿಡಿ ಪ್ಲೇಯರ್ ಒಳಗೇ ಇರುವ ಒಂದೇ ಪೆಟ್ಟಿಗೆಯ ಸೆಟ್ ಇದ್ದರೆ ಮೊದಲು ಹಿಂಭಾಗ ನೋಡಿ. ಎಷ್ಟೋ ಸೆಟ್‌ಗಳಲ್ಲಿ ಹೊರಗಿನ ಸದ್ದು ತಗೊಳ್ಳೋಕೆ ಬರೀ ಆಕ್ಸ್ ತೂತು ಇರುತ್ತೆ, ಅದರಲ್ಲಿ ಎರಡು ಚಾನೆಲ್‌ನ ಸ್ಟೀರಿಯೋ ಅಷ್ಟೇ. ಪ್ಲೇಯರ್ ತಗೊಳ್ಳುವಾಗಲೂ ಬೆನ್ನು ತಿರುಗಿಸಿ ನೋಡಿ, ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಬಿಟ್ಟು ಬೇರೇನೂ ಇರಲ್ಲ.

ನಮ್ಮ ಕಡೆ ಮಳೆಗಾಲದ ಥಂಡಿ ಬೇರೆ. ಕೋಆಕ್ಸಿಯಲ್ ಪಿನ್ ಮೇಲೆ ಹಸಿರು ಪಾಚಿಯಂಥದ್ದು ಕೂತಿದ್ದರೆ ಸದ್ದು ಬಿಟ್ಟುಬಿಟ್ಟು ಬರುತ್ತೆ. ಒಣಬಟ್ಟೆಯಲ್ಲಿ ಒರೆಸಿ, ಪಿನ್ ಬಿಗಿಯಾಗಿ ತಿರುಗಿಸಿ ಹಾಕಿ. ಹೊಸ ಆಪ್ಟಿಕಲ್ ತಂತಿಯ ತುದಿಗೆ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಇರುತ್ತೆ, ತೆಗೆದೇ ಹಾಕಬೇಕು. ಗುಡುಗು ಬಂದಾಗ ಎಲ್ಲದರ ಪ್ಲಗ್ ಕಿತ್ತಿಡಿ.

ಕೇಳಿದವರು:
ತುಂಬಾ ಉಪಕಾರವಾಯ್ತು. ಪ್ಲೇಯರ್‌ನಲ್ಲಿ ಕೋಆಕ್ಸಿಯಲ್ ಮಾತ್ರ ಇದೆ, ಆ ಹೆಸರಿನ ತಂತಿ ಇಲ್ಲಿ ಸಿಗಲಿಲ್ಲ.

ಮೂಡಿಗೆರೆಯಿಂದ:
ಹಳೆಯ ವಿಡಿಯೋ ತಂತಿಯ ಹಳದಿ ಪಿನ್ ಇರುತ್ತಲ್ಲ, ಅದೇ ಸಾಕು. ಅದೂ 75 ಓಮ್ ತಂತಿಯೇ. ಎರಡೂ ಕಡೆ ಕೋಆಕ್ಸಿಯಲ್ ತೂತಿಗೆ ಹಾಕಿ, ರಿಸೀವರ್‌ನಲ್ಲಿ ಇನ್‌ಪುಟ್ ಬದಲಾಯಿಸಿ ನೋಡಿ.